ಘಟಸರ್ಪಕ್ಕೆ ಊಟ

ಬಾಯಲ್ಲಿ ಕಥೆ ಕಟ್ಟುತ್ತ ಇಪ್ಪತ್ತು ಮುಖದ ದಾಳ ಉರುಳಿಸುವ ಆಟವದು. ಕಥೆ ನಡೆಸುವವಳು ಮೇದಿನಿ. ಅವಳು ಕೊಟ್ಟ ತೀರ್ಪೇ ತೀರ್ಪು. ಮೂರು ವಾರ ಕೂತು ಅವಳು ಸೃಷ್ಟಿಸಿದ್ದ ಘಟಸರ್ಪದ ಕೊರಳು ತೆಂಗಿನ ಮರದಷ್ಟು ಎತ್ತರ. ಗಂಡನ ಕತ್ತಿಯೂ ಮೈದುನನ ಕತ್ತಿಯೂ ಎಟುಕದೆ ಇಬ್ಬರೂ ಸೋತು ಕೂತಿದ್ದರು. ಮೊದಲ ಸಲ ಆಡಲು ಬಂದಿದ್ದ ಅತ್ತೆಯ ಸರದಿ ಬಂತು.

“ಊಟ ಆಯ್ತಾ ಅಂತ ಅದನ್ನ ಕೇಳ್ತೀನಿ.”

ಗಂಡ ಹಣೆ ಚಚ್ಚಿಕೊಂಡ. “ಅಮ್ಮಾ, ಇದು ಯುದ್ಧ!”

“ಆದ್ರೇನು? ಏನು ಬೇಕಾದ್ರೂ ಮಾಡಬಹುದು ಅಂದಿದ್ದು ಇವಳೇ.”

ಮೇದಿನಿ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಳು. “ಇಪ್ಪತ್ತು ಬಿದ್ರೆ ಮಾತ್ರ ನಿಮ್ಮ ಮಾತು ಕೇಳುತ್ತೆ, ಅತ್ತೆ.”

ಇಪ್ಪತ್ತೇ ಬಿತ್ತು.

ಮೇದಿನಿಗೆ ತನ್ನ ಘಟಸರ್ಪದ ಮೇಲೆ ಮರುಕ ಹುಟ್ಟಿತು. ಕಥೆಯ ಲೆಕ್ಕದಲ್ಲಿ ಮುನ್ನೂರು ವರ್ಷದಿಂದ ಅದನ್ನು ಯಾರೂ ಹಾಗೆ ಕೇಳಿರಲಿಲ್ಲವಲ್ಲ! “‘ಇಲ್ಲಮ್ಮಾ’ ಅಂತಿದೆ, ಅತ್ತೆ.”

“ಅಯ್ಯೋ ಪಾಪ! ನೆಲದ ಮೇಲೆ ಬಾಳೆ ಎಲೆ ಹಾಕಿ, ಬಿಸಿ ಅನ್ನ, ಹುಳಿ ಬಡಿಸ್ತೀನಿ.”

“ಕಣ್ತುಂಬ ನೀರು ತುಂಬ್ಕೊಂಡು ಊಟಕ್ಕೆ ಕೂತಿದೆ,” ಎಂದ ಮೇದಿನಿ ತನ್ನ ಕಣ್ಣನ್ನೂ ಒರೆಸಿಕೊಂಡಳು.

“ಎಲೆ ಹತ್ರ ತಲೆ ಬಗ್ಗಿಸ್ತಾ?”

“ಬಗ್ಗಿಸ್ತು.”

ಅತ್ತೆ ಮಕ್ಕಳ ಕಡೆ ತಿರುಗಿದರು. “ಈಗ ಎಟುಕುತ್ತಲ್ಲ, ಇನ್ನೇನು ನೋಡ್ತಿದ್ದೀರಿ? ಬೀಸ್ರೋ ಕತ್ತಿ!”