ತಾಳೆಗೆ ಅರಿಶಿನ

ನಮ್ಮ ಓಣಿಯಲ್ಲಿ ಮನೆಮನೆಯ ನೀರಿನ ಪಾಲನ್ನು ಈಗ ಅಂಗಳದ ಬೀಸಣಿಗೆ ತಾಳೆಯೇ ನಿರ್ಧರಿಸುತ್ತದೆ. ಹನಿ ನೀರಿಲ್ಲದೆಯೂ ಬದುಕುವ ಮರ ಅದು. ಅದೂ ಒಣಗಿದರೆ ಮಾತ್ರ ಮನೆಗೆ ಇನ್ನೊಂದು ಕೊಡ ಮಂಜೂರು. ನೀಲವ್ವನ ತಾಳೆಗೆ ಆರು ವರ್ಷದಿಂದ ಒಣಗುವ ಬುದ್ಧಿಯೇ ಬಂದಿರಲಿಲ್ಲ. ಈ ಸಲ ಅವಳು ಬೆಳಿಗ್ಗೆಯೇ ಸ್ಟೂಲು ಹತ್ತಿ ಒಂದೊಂದು ಗರಿಗೂ ಅರಿಶಿನ ಬಳಿದಳು.

ತಪಾಸಣೆಗೆ ಬಂದ ಸಾಹೇಬರು ಹಳದಿ ಗರಿಗಳನ್ನು ಕಂಡು ಮರುಗಿದರು.

“ಪಾಪ, ಭಾಳ ಒಣಗೇತಿ. ಒಂದು ಕೊಡ ಹೆಚ್ಚಿಗಿ ಬರೀತೀನ್ರಿ ಅಕ್ಕಾರ.”

ನೀಲವ್ವನಿಗೆ ಹೋದ ಜೀವ ಬಂದಂತಾಯಿತು. “ಬಿಸಲಾಗ ಬಂದೀರಿ, ಕೂಡ್ರಿ ಸರ,” ಎಂದವಳೇ ಒಳಗೋಡಿ, ಅವ್ವ ಕಲಿಸಿದಂತೆ, ಬೆಲ್ಲದ ಚೂರಿನ ಜೊತೆ ತಂಬಿಗೆ ತುಂಬ ನೀರು ತಂದಿಟ್ಟಳು.

ಸಾಹೇಬರು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಬರೆದದ್ದನ್ನು ಹೊಡೆದುಹಾಕಿದರು.

“ಬಂದವರಿಗೆ ಕೊಡೂವಷ್ಟು ನೀರು ಮನ್ಯಾಗ ಐತಲ್ರಿ!”