ಮೂರನೇ ಪವರ್ ಸಪ್ಲೈ

ಶತ್ರುವಿನ ತಲೆಗೆ ಗುರಿಯಿಟ್ಟು ಆತಿಫ್ ಇನ್ನೇನು ಕ್ಲಿಕ್ ಮಾಡಬೇಕು, ಅಷ್ಟರಲ್ಲಿ ಮಾನಿಟರ್ ಕಪ್ಪಾಯಿತು. ಫ್ಯಾನ್ ನಿಂತಿತು. ಕೆಳಗಿನ ಮನೆಯಿಂದ ಓನರ್ ಸೊಣ್ಣಮ್ಮನ ದನಿ ಮಾತ್ರ ಕರೆಂಟಿನ ಹಂಗಿಲ್ಲದೆ ಮೇಲೆ ಬಂತು.

“ಏಯ್ ಆತೀಪು! ಸರ್ಯಾಗಿ ಕೊನೇ ಗಳಿಗೇಲೇ ತೆಗೀತೀಯಲ್ಲೋ! ಒಟ್ಟೆ ಉರೀತೈತೆ ನಂಗೆ!”

ಧಾರಾವಾಹಿಯ ಕೊನೇ ಗಳಿಗೆ ಇರಬೇಕು ಎಂದುಕೊಂಡು ಆತಿಫ್ ತಲೆ ತಗ್ಗಿಸಿ ಕೆಳಗಿಳಿದ. ಮೆಟ್ಟಿಲ ಬುಡದಲ್ಲಿ ಟ್ರಿಪ್ ಆಗಿದ್ದ ಸ್ವಿಚ್ಚನ್ನು ಎತ್ತಿದ. ಅಟ್ಟೂರಿನ ಆ ಹಳೇ ಮನೆಗೆ ಮೇಲಕ್ಕೂ ಕೆಳಕ್ಕೂ ಒಂದೇ ಮೀಟರು, ಒಂದೇ ಸ್ವಿಚ್ಚು.

ಸೊಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ನಿನ್ ಕಂಪ್ಯೂಟ್ರೊಳ್ಗಿನ ಪವರ್ ಸಪ್ಲೈ ಡಬ್ಬ ಓಗೈತೆ. ಇನ್ನೊಂದ್ಸಲ ಇಂಗಾಯ್ತೋ, ಅಡ್ವಾನ್ಸ್ ಇಸ್ಕೊಂಡು ಮನೆ ಖಾಲಿ ಮಾಡು.”

ಕಂಪ್ಯೂಟರ್ ವಿಷಯದಲ್ಲಿ ಅವಳಿಗೆ ಟೋಪಿ ಹಾಕುವಂತಿರಲಿಲ್ಲ. ಕೆಳಗಿನ ರೋಡಿನ ಕಡೆ ಕೋಣೆಯಲ್ಲಿ ಸೈಬರ್ ಸೆಂಟರ್ ನಡೆಸಿದವಳು. ಎಲ್ಲರ ಜೇಬಿಗೂ ಸ್ಮಾರ್ಟ್‌ಫೋನ್ ಬಂದ ಮೇಲೆ ಶಟರ್ ಎಳೆದಿದ್ದಳು.

ಆತಿಫನಿಗೆ ನಿಜಕ್ಕೂ ಭಯವಾಯಿತು. ಬ್ಯಾಚುಲರ್, ಅದರ ಮೇಲೆ ಹೆಸರು ಆತಿಫ್. ಯಲಹಂಕದ ಎಷ್ಟೋ ಓನರ್‌ಗಳು ಟು-ಲೆಟ್ ಬೋರ್ಡಿನ ಕೆಳಗೇ ನಿಂತು ‘ಮನೆ ಖಾಲಿ ಇಲ್ಲ’ ಎಂದು ನಕ್ಕಿದ್ದರು. ಹೆಸರು ಕೇಳಿದ ಮೇಲೂ ಕೀಲಿ ಕೈಗಿಟ್ಟವಳು ಸೊಣ್ಣಮ್ಮ ಒಬ್ಬಳೇ. ಈ ಮನೆ ಹೋದರೆ ಮತ್ತೆ ಅದೇ ಬೀದಿ, ಅದೇ ನಗು.

ಮೇಲೆ ಬಂದವನೇ ಫೋನಿನಲ್ಲಿ ಗೂಳಿಗೆ ಗೋಳು ತೋಡಿಕೊಂಡ. ಗೂಳಿ ಎಂದರೆ ಅವನ ಆನ್‌ಲೈನ್ ಆಟದ ಜೋಡಿ; ಇಬ್ಬರಿಗೂ ಒಬ್ಬರಿಗೊಬ್ಬರ ಅಡ್ಡಹೆಸರಷ್ಟೇ ಗೊತ್ತು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಮೈಕ್ ಹಾಕು ಎಂದರೆ ‘ಮನೇಲಿ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ ಮಗಾ’ ಎಂದು ಬರೆಯುತ್ತಿದ್ದ. ತಣಿಸಂದ್ರದ ಕಡೆಯ ಯಾವನೋ ಜಿಮ್ ಹುಡುಗ, ಅಪ್ಪನಿಗೆ ಹೆದರುವವನು ಎಂದು ಆತಿಫ್ ಲೆಕ್ಕ ಹಾಕಿದ್ದ. ಕೈ ಮಾತ್ರ ಭಯಂಕರ. ಮೊನ್ನೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಆದರೆ ಆತಿಫನ ಕರೆಂಟು ಹೋದ ಪ್ರತಿ ಮ್ಯಾಚನ್ನೂ ತಂಡ ಸೋಲುತ್ತಿತ್ತು. ಪಾಪ, ಅವನೊಬ್ಬನೇ ಎಷ್ಟು ಜನರನ್ನು ಹೊಡೆದಾನು.

ಗೂಳಿ ಬರೆದ: ‘ಓನರ್‌ಗೆ ಹೆದರ್ಕೊಂಡ್ರೆ ತಲೆ ಮೇಲೆ ಕೂತ್ಕೋತಾರೆ. ಬಿಡಬೇಡ. ಒಳ್ಳೆ ಪವರ್ ಸಪ್ಲೈ ತಗೋ. ಮೊದ್ಲು ಕೈಯಲ್ಲಿ ತೂಕ ನೋಡು. ಹಗುರ ಇದ್ರೆ ಒಳಗೆ ಗಾಳಿ.’

ಕಂಪ್ಯೂಟರಿನಲ್ಲಿ ಮೊದಲಿನಿಂದ ಇದ್ದದ್ದು ಐನೂರು ವ್ಯಾಟಿನದು, ಹಗುರ. ತೆಗೆದೆಸೆದ. ಎರಡನೆಯದು ಭಾರವಾಗಿತ್ತು, ಹೊಳೆಯುತ್ತಿತ್ತು, ಗೂಳಿಯೊಂದಿಗಿನ ಮೊದಲ ಮ್ಯಾಚಿನಲ್ಲೇ ಸ್ವಿಚ್ಚು ಬೀಳಿಸಿತು. ಸೊಣ್ಣಮ್ಮನ ಕೈಕಾಲು ಹಿಡಿದು ಕೊನೆಯ ಅವಕಾಶ ಪಡೆದು, ಅದನ್ನು ಆರ್.ಟಿ. ನಗರದ ಜಿಯಾವುಲ್ಲಾನ ಅಂಗಡಿಗೆ ಹೊತ್ತ.

ಜಿಯಾವುಲ್ಲಾ ಅದಕ್ಕೆ ಪೂರ್ತಿ ಲೋಡ್ ಕೊಟ್ಟು, ಮೀಟರ್ ಇಟ್ಟು, ಎರಡು ಚಹಾ ಕುಡಿದ. “ಏನೂ ಆಗಿಲ್ಲ ಭಾಯ್ ಇದಕ್ಕೆ. ಹನ್ನೆರಡು ವೋಲ್ಟ್ ಅಲ್ಲಾಡ್ತಾನೇ ಇಲ್ಲ.”

“ಮನೇಲಿ ಟ್ರಿಪ್ ಆಗ್ತಿದೆಯಲ್ಲ?”

“ಹಾಗಾದ್ರೆ ಇನ್ನೂ ದೊಡ್ಡದು ತಗೊಳ್ಳಿ,” ಎಂದ ಜಿಯಾವುಲ್ಲಾ. ಅಂಗಡಿಯವನು ಇನ್ನೇನು ಹೇಳುತ್ತಾನೆ?

ಮೂರನೆಯದು ಏಳುನೂರೈವತ್ತು ವ್ಯಾಟಿನದು, ಗೋಲ್ಡ್ ದರ್ಜೆ, ವೈರುಗಳನ್ನು ಬೇಕಾದಂತೆ ಬಿಚ್ಚಿ ಹಾಕುವಂಥದ್ದು. ಹೊತ್ತು ತರುವಾಗ ಮೆಟ್ಟಿಲ ಹತ್ತಿರ ಸೊಣ್ಣಮ್ಮ ತಡೆದಳು. ಡಬ್ಬದಿಂದ ತೆಗೆಸಿ, ಸಂತೆಯಲ್ಲಿ ಕುಂಬಳಕಾಯಿ ಆರಿಸುವ ಹಾಗೆ ಅಂಗೈಯಲ್ಲಿ ಎತ್ತಿ ಎತ್ತಿ ನೋಡಿದಳು.

“ತೂಕ ಐತೆ,” ಎಂದಳು, ಒಲ್ಲದ ಮನಸ್ಸಿನಿಂದ. “ನೋಡಾನ.”

ವಾರವಿಡೀ ಆತಿಫ್ ಒಬ್ಬನೇ ಆಡಿ ಪರೀಕ್ಷಿಸಿದ. ಗ್ರಾಫಿಕ್ಸ್ ಪೂರ್ತಿ ಏರಿಸಿದ. ಜೊತೆಗೆ ಫ್ಯಾನು, ಲೈಟುಗಳನ್ನೂ ಹಾಕಿದ. ಸ್ವಿಚ್ಚು ಕದಲಲಿಲ್ಲ. ಎಲ್ಲ ತಪ್ಪೂ ಮೊದಲಿನ ಎರಡು ಡಬ್ಬಗಳದೇ ಎಂದು ತೀರ್ಮಾನಿಸಿ, ಆಟಗಾರರ ಗುಂಪಿನಲ್ಲಿ ಅವೆರಡರ ಮಾನ ಹರಾಜು ಹಾಕಿ ಉದ್ದಕ್ಕೆ ಬರೆದ. ಗೂಳಿ ಒಂದು ಹೆಬ್ಬೆರಳು ಒತ್ತಿ, ‘ಭಾನುವಾರ ಮಧ್ಯಾಹ್ನ ಫೈನಲ್. ಸಾಯಬೇಡ’ ಎಂದ.

ಭಾನುವಾರ ಮ್ಯಾಚ್ ಶುರುವಾಯಿತು. ಗೂಳಿ ಎಡಗಡೆಯಿಂದ, ಆತಿಫ್ ಬಲಗಡೆಯಿಂದ. ಎದುರಾಳಿಗಳು ತರಗೆಲೆಗಳಂತೆ ಉದುರಿದರು. ಹೊಸ ಪವರ್ ಸಪ್ಲೈ ತಣ್ಣಗೆ, ಸದ್ದಿಲ್ಲದೆ ಕೂತಿತ್ತು. ಉಳಿದವನು ಒಬ್ಬನೇ. ಅವನೂ ಗೋಡೆಯ ಹಿಂದೆ, ಅರೆಜೀವ. ಗೂಳಿ ಓಡಿ ಬರುತ್ತಿದ್ದ.

ಮಾನಿಟರ್ ಕಪ್ಪಾಯಿತು.

ಮನೆ ಹೋಯಿತು. ಗೋಲ್ಡ್ ದರ್ಜೆಯ ಮಾನವೂ ಹೋಯಿತು. ಕೆಳಗೆ ಬಾಗಿಲು ದಡಾರೆಂದಿತು. ಚಪ್ಪಲಿಯ ಸದ್ದು ಮೆಟ್ಟಿಲು ಹತ್ತತೊಡಗಿತು. ಸದ್ದು ಅರ್ಧಕ್ಕೆ ಬಂದು, ಯಾಕೋ ನಿಂತಿತು. ಸೊಣ್ಣಮ್ಮನಿಗೆ ಮನಸ್ಸು ಕರಗಿತೇನೋ ಎಂದು ಆತಿಫ್ ಬಾಗಿಲಿಗೆ ಕಿವಿಯಿಟ್ಟ.

ಅವನ ಫೋನ್ ಟಿಣ್ ಎಂದಿತು. ಗೂಳಿಯ ಸಂದೇಶ:

‘ಸಾರಿ ಮಗಾ, ನಮ್ಮ ಮೇಲ್ಗಡೆ ಮನೆಯೋನು ಮತ್ತೆ ಕರೆಂಟ್ ತೆಗ್ದ. ಎರಡು ನಿಮಿಷ ಇರು, ಅವನನ್ನ ಖಾಲಿ ಮಾಡಿಸಿ ಬರ್ತೀನಿ.’