ನಾರು ತಿಂದವರು

ಇದು ನಡೆದದ್ದೇ, ನಾನು ಹೊಸೆದದ್ದಲ್ಲ. ಹೊಸೆಯುವುದೇನಿದ್ದರೂ ಹಗ್ಗದವರ ಕೆಲಸ.

ಯಲಹಂಕದ ಕಾಲೇಜೊಂದರ ಸೆಮಿನಾರ್ ಹಾಲಿನಲ್ಲಿ ಸಂಗಮೇಶ ಬೆಳಿಗ್ಗೆಯೇ ಬಂದು ಖಾಲಿ ಕುರ್ಚಿಗಳೆದುರು ತಾಲೀಮು ನಡೆಸಿದ್ದ. ವಿಷಯ: ‘ಪುಂಡಿ ನಾರಿನ ಆಹಾರೇತರ ಬಳಕೆ: ಭಾರತ ಮತ್ತು ಬಾಂಗ್ಲಾದೇಶ, ಐವತ್ತು ವರ್ಷ’. ಪುಂಡಿ ಗಿಡದ ಕಾಂಡ ಕೊಳೆಸಿ ತೆಗೆದ ನಾರಿನಲ್ಲಿ ಯಾವ ದೇಶ ಎಷ್ಟನ್ನು ಚೀಲಕ್ಕೆ, ಹಗ್ಗಕ್ಕೆ ಹಾಕಿತು ಅನ್ನುವ ಕತೆ. ಹೋದ ಸಲ ವೇಣುಗೋಪಾಲ್ ಸರ್ ಅವನನ್ನು ಅರ್ಧಕ್ಕೇ ಕೂರಿಸಿದ್ದರು. ಅದು ನಿಜಕ್ಕೂ ಸೆಮಿ ನಾರು ಎಂದು ಗೆಳೆಯ ಹೇಮಂತ ಕ್ಲಾಸಿಗೆಲ್ಲ ಸಾರಿದ್ದ. ಈ ಸಲವೂ ಕೂರಿಸಿದರೆ ಎಂ.ಎ. ಇನ್ನೊಂದು ವರ್ಷ ಎಳೆಯುತ್ತದೆ. ಹಾಗೇನಾದರೂ ಆದರೆ ಓದು ಸಾಕು, ಬಂದು ಅಂಗಡಿಯಲ್ಲಿ ಕೂರು ಎಂದು ಕಲಬುರಗಿಯಿಂದ ಅಪ್ಪ ಶಿವಶರಣಪ್ಪನವರು ಆಗಲೇ ಹೇಳಿಬಿಟ್ಟಿದ್ದರು.

ಹಾಲಿಗೂ ಸರ್ ಅವರ ಕೋಣೆಗೂ ನಡುವೆ ಇರುವುದು ಸಂದಿನಿಂದ ಪರದೆ ಕಾಣುವಂಥ ಒಂದು ಪ್ಲೈವುಡ್ ಗೋಡೆ. ಪಕ್ಕದ ಕೋಗಿಲು ಊರಿನ ಹೇಮಂತ ಕಾಲೇಜಿನ ಅಷ್ಟೂ ಮೇಷ್ಟ್ರುಗಳ ದನಿಯನ್ನು ಹಾಗೇ ಅನುಕರಿಸುವವನು; ಸದ್ದಿಲ್ಲದೆ ಆ ಕೋಣೆ ಹೊಕ್ಕು, ಸರ್ ಅವರ ಕುರ್ಚಿಯಲ್ಲೇ ಕೂತಿದ್ದ. ಲ್ಯಾಪ್‌ಟಾಪ್ ಹಿಡಿದು ಸ್ಲೈಡು ತಳ್ಳುತ್ತಿದ್ದ ಸಹಪಾಠಿ ರಕ್ಷಾಳಿಗೆ ಅದು ಗೊತ್ತಿತ್ತು. ಪರದೆಯ ಮೇಲೆ ಎರಡು ದೇಶಗಳ ಗ್ರಾಫ್ ಗೆರೆಗಳು ಬಂದದ್ದೇ ತಡ, ಪ್ಲೈವುಡ್ಡಿನ ಆಚೆಯಿಂದ ವೇಣುಗೋಪಾಲ್ ಸರ್ ಅವರದೇ ದನಿ ಕೇಳಿಸಿತು.

“ಏನಪ್ಪಾ ಸಂಗಮೇಶ, ನಮ್ಮ ದೇಶದ ಗೆರೆ ಯಾಕೆ ಹೀಗೆ ಮಕಾಡೆ ಮಲಗಿದೆ? ನಾರನ್ನ ಯಾರಾದ್ರೂ ತಿಂದ್ಬಿಟ್ರೇನಪ್ಪಾ?”

ಹೇಮಂತನಿಗೆ ಪುಂಡಿಯೂ ಗೊತ್ತಿಲ್ಲ, ಬಾಂಗ್ಲಾವೂ ಗೊತ್ತಿಲ್ಲ. ಬಾಯಿಗೆ ಬಂದ ಅತಿ ಪೆದ್ದ ಪ್ರಶ್ನೆ ಎಸೆದಿದ್ದ. ಇವನು ತೊದಲುತ್ತಾನೆ, ಬೆವರುತ್ತಾನೆ, ಆಗ ಬಾಗಿಲು ತೆಗೆದು ‘ಬಕ್ರಾ’ ಅನ್ನುವುದೆಂದು ಅವನ ಪ್ಲಾನು. ಸಂಗಮೇಶ ತೊದಲಲಿಲ್ಲ. ಗೋಡೆಯ ಕಡೆ ತಿರುಗಿ ಕೈ ಕಟ್ಟಿಕೊಂಡು ನಿಂತ.

“ಹೌದ್ರೀ ಸರ, ತಿಂದೀವ್ರೀ.”

ಆಮೇಲೆ ಪೂರ್ತಿ ವಿವರಿಸಿದ. ಶೀರ್ಷಿಕೆಯಲ್ಲಿ ‘ಆಹಾರೇತರ’ ಎಂದಿದೆ. ಅವರ ಮನೆಯಲ್ಲೋ ರೊಟ್ಟಿಯ ಜೊತೆ ಪುಂಡಿಪಲ್ಯ ಇಲ್ಲದ ವಾರವಿಲ್ಲ. ತಿಂದದ್ದನ್ನು ಕಳೆಯದಿದ್ದರೆ ಲೆಕ್ಕ ಹೇಗೆ ಸರಿಯಾದೀತು? ಅದಕ್ಕೇ ಅವ್ವ ಗಂಗಾದೇವಿಗೆ ಫೋನ್ ಮಾಡಿ ಒಂದು ಮನೆಗೆ ಎಷ್ಟು ಸಿವುಡು ಪುಂಡಿ ಬೇಕಾಗುತ್ತದೆಂದು ಕೇಳಿ, ಅದನ್ನು ಆ ಕಡೆಯ ಮನೆಗಳಿಗೆಲ್ಲ ಗುಣಿಸಿ, ಭಾರತದ ಪ್ರತಿ ವರ್ಷದ ಲೆಕ್ಕದಿಂದ ಕಳೆದಿದ್ದ. ಬಾಂಗ್ಲಾದವರು ಏನು ತಿನ್ನುತ್ತಾರೆಂದು ಅವ್ವನಿಗೆ ಗೊತ್ತಿರಲಿಲ್ಲ. ಹಾಗಾಗಿ ಅವರದನ್ನು ಮುಟ್ಟಿರಲಿಲ್ಲ.

ನಗಲೆಂದು ಕಾದಿದ್ದ ರಕ್ಷಾ ನಗಲಿಲ್ಲ, ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು.

“ಸಂಗಮೇಶ, ನೀವ್ ತಿನ್ನೋದು ಸೊಪ್ಪು ಕಣೋ. ಈ ಟನ್ನುಗಳಲ್ಲಿ ಇರೋದು ಬರೀ ನಾರು. ಸೊಪ್ಪು ಇದರೊಳಗೆ ಬಂದೇ ಇಲ್ಲ, ಎಲ್ಲಿಂದ ಕಳೀತೀಯ?”

ಸಂಗಮೇಶನ ಮುಖ ಬಿಳಿಚಿತು. ಸರ್ ಎದುರು ತಾನೇ ಬಾಯಿಬಿಟ್ಟು ಎಲ್ಲ ಹೇಳಿಯಾಗಿತ್ತಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಹೇಮಂತ ಬಂದ. ‘ಬಕ್ರಾ’ ಅನ್ನುವುದು ಬಿಟ್ಟು ನಿಜ ಹೇಳಿಬಿಟ್ಟ.

“ಮಗಾ, ಕೇಳಿದ್ದು ನಾನು ಕಣೋ. ಸರ್ ಇನ್ನೂ ಹೆಬ್ಬಾಳ ಫ್ಲೈಓವರ್ ಮೇಲೇ ಇದಾರೆ, ಈಗಷ್ಟೇ ಗ್ರೂಪಿಗೆ ಮೆಸೇಜ್ ಹಾಕಿದ್ರು.”

ಸಂಗಮೇಶ ಅವನ ಕಾಲರ್ ಹಿಡಿದ. ಹೊಡೆಯಲಿಕ್ಕಲ್ಲ, ಬೀಳದೆ ನಿಲ್ಲಲಿಕ್ಕೆ. “ಇನ್ನೂ ಬಂದಿಲ್ಲೇನು? ಖರೇನ?”

ಹೆಬ್ಬಾಳದ ಟ್ರಾಫಿಕ್ಕಿಗೆ ಯಾರಾದರೂ ಕೈ ಮುಗಿದದ್ದಿದ್ದರೆ ಅದು ಆವತ್ತೇ ಇರಬೇಕು. ಮೂವರೂ ಸೇರಿ ಪಲ್ಯದ ಲೆಕ್ಕವನ್ನು ಅಳಿಸಿದರು. ಭಾರತದ ಗೆರೆ ನಿದ್ದೆಯಿಂದ ಎದ್ದವರ ಹಾಗೆ ಮೇಲೆದ್ದು ಕೂತಿತು.

ಸರ್ ಬಂದರು, ಕೊನೆಯವರೆಗೆ ಕೇಳಿದರು. ನಾರಿನ ಚೀಲದ ಜಾಗಕ್ಕೆ ಆಮೇಲೆ ಏನು ಬಂತು ಎಂದಷ್ಟೇ ಪ್ರಶ್ನೆ. ಪ್ಲಾಸ್ಟಿಕ್ ಎಂದು ಸಂಗಮೇಶ ಉದಾಹರಣೆ ಸಮೇತ ಹೇಳಿದ. “ಪರವಾಗಿಲ್ಲ” ಎಂದರು ಸರ್. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸಿಗೆ ಸಮ.

ಕೋಣೆಗೆ ಹೋದ ಸರ್ ಕೂತ ಹಾಗೇ ಎದ್ದು, ಬಾಗಿಲಿಗೆ ಬಂದರು. ಆರಡಿಯ ಮನುಷ್ಯ, ಸೊಂಟ ಹಿಡಿದುಕೊಂಡಿದ್ದರು.

“ನನ್ನ ಕುರ್ಚೀನ ನೆಲಕ್ಕೆ ಇಳಿಸಿದ್ದು ಯಾರಪ್ಪಾ? ಬೆಳಿಗ್ಗೆ ಒಳಗೆ ಯಾರು ಕೂತಿದ್ರು?”

ಗಿಡ್ಡ ಹೇಮಂತ ನೆಲ ನೋಡಿದ. ರಕ್ಷಾ ಕಿಟಕಿ ನೋಡಿದಳು.

“ನೀವ ಕೂತಿದ್ರೆಲ್ರೀ, ಸರ,” ಎಂದವನೇ ಸಂಗಮೇಶ ಮೇಜು ಹಿಡಿದುಕೊಂಡು ನಗತೊಡಗಿದ. ಉಳಿದಿಬ್ಬರು ತಮ್ಮ ನಗು ಬಿಟ್ಟು ಅವನ ಬಾಯಿ ಮುಚ್ಚಲು ಓಡಬೇಕಾಯಿತು.